ಸಹಾಯ ಬೇಕು: ಇಳಕಲ್ ಸೀರೆ ಬಗ್ಗೆ ಬರಹ ಎಷ್ಟು ಉದ್ದ ಇರಲಿ?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆ ಬಗ್ಗೆ ಬರೆಯುತ್ತಿದ್ದೇನೆ. ಈಗಾಗಲೇ 1,800 ಪದ ದಾಟಿದೆ. ಮೊಬೈಲಿನಲ್ಲಿ ಓದುವವರಿಗೆ ಇದು ಜಾಸ್ತಿ ಆಯ್ತು, 600ಕ್ಕೆ ಇಳಿಸು ಅಂತ ಗೆಳತಿ ಹೇಳುತ್ತಾಳೆ.

ನನ್ನ ತೊಂದರೆ ಇರುವುದು ಒಂದೇ ಕಡೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಕೊಂಡಿಯಂತೆ ಸೇರಿಸುತ್ತಾರೆ. ಇದಕ್ಕೆ ತೋಪು ತೆನಿ ಅನ್ನುತ್ತಾರೆ. ಹಾಗಾಗಿ ಪ್ರತಿ ಸೀರೆಗೂ ಹಾಸು ಬೇರೆಯಾಗಿಯೇ ಹೂಡಬೇಕು. ಇದನ್ನು ಎರಡು ಸಾಲಲ್ಲಿ ಹೇಳಿದರೆ ನೇಯುವವರ ಕಷ್ಟ ಯಾರಿಗೂ ತಿಳಿಯುವುದಿಲ್ಲ. ಈ ಭಾಗಕ್ಕೆ ಮಾತ್ರ ನಾನು ಕತ್ತರಿ ಹಾಕಲಾರೆ.

ಅಂಚಿನ ಬಗೆಗಳು (ಚಿಕ್ಕಿ, ಗೋಮಿ, ಗಾಡಿ), ಕಸೂತಿ, ಬಣ್ಣ, ಇವನ್ನೆಲ್ಲ ಬೇಕಾದರೆ ಬಿಡಬಹುದು. ಆದರೆ ಕಸೂತಿ ಇಲ್ಲದಿದ್ದರೆ ಓದುವವರು ಕೇಳುತ್ತಾರೆ, ಅಲ್ವಾ?

ಉದ್ದದ ಬರಹ ಬರೆದು ಅಭ್ಯಾಸ ಇರುವವರು ದಯವಿಟ್ಟು ಹೇಳಿ. ಎರಡು ಕಂತು ಮಾಡಲೇ, ಒಂದೇ ಬರಹವಾಗಿ ಬಿಡಲೇ? ಕಂತು ಮಾಡಿದರೆ ಎರಡನೆಯದನ್ನು ಜನ ಹುಡುಕಿ ಓದುತ್ತಾರಾ? ಕೈಮಗ್ಗದ ಮನೆಯವರು ಯಾರಾದರೂ ಇಲ್ಲಿದ್ದರೆ, ತೆನಿ ಭಾಗವನ್ನು ಒಮ್ಮೆ ಓದಿ ನೋಡುತ್ತೀರಾ? ಕಳಿಸಿಕೊಡುತ್ತೇನೆ.