ನೆತ್ತಿಯೋ, ಸುಳಿಯೋ, ಬ್ರಹ್ಮರಂಧ್ರವೋ? ಎಳೆ ಮಗುವಿನ ತಲೆಯ ಮೆತ್ತನೆ ಜಾಗದ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನನ್ನ ತಂಗಿ ಫೋನ್ ಮಾಡಿದ್ದಳು. ಅವಳ ಮಗಳಿಗೆ ಆಗ ಐದು ತಿಂಗಳು. ಎರಡು ದಿನದಿಂದ ಭೇದಿ ನಿಂತಿರಲಿಲ್ಲ. ಆಸ್ಪತ್ರೆಯಲ್ಲಿ ಹಿಂದೆ ಕೊಟ್ಟಿದ್ದ ಒಂದು ಹಾಳೆ ಅವಳ ಕೈಯಲ್ಲಿತ್ತು. ಅದನ್ನು ಓದಿ ಹೇಳಿದಳು: "ಶಿಶುವಿನ ಬ್ರಹ್ಮರಂಧ್ರವು ಕುಗ್ಗಿದ್ದಲ್ಲಿ ಕೂಡಲೇ ವೈದ್ಯರನ್ನು ಸಂಪರ್ಕಿಸಿ." ಆಮೇಲೆ ಕೇಳಿದಳು, "ಅಣ್ಣ, ಬ್ರಹ್ಮರಂಧ್ರ ಅಂದ್ರೆ ಮೂಗಿನ ಹೊಳ್ಳೆನಾ?" ಅವಳು ಡಿಗ್ರಿ ಓದಿದವಳು, ಕನ್ನಡ ಚೆನ್ನಾಗಿ ಬಲ್ಲವಳು. ಅಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ ಕೇಳಿಸಿತು: "ನೆತ್ತಿ ಗುಳಿ ಬಿದ್ದಿದೆ ಕಣೇ, ಮುಟ್ಟಿ ನೋಡು. ಹೊರಡು ಮೊದಲು." ಹೊರಟರು. ಮಗುವಿಗೆ ಡ್ರಿಪ್ ಹಾಕಿದರು, ಮಾರನೇ ದಿನ ಚೇತರಿಸಿಕೊಂಡಿತು.

ಹಾಳೆ ಹೇಳಿದ್ದೂ ಅಮ್ಮ ಹೇಳಿದ್ದೂ ಒಂದೇ ಮಾತು. ಹಾಳೆಯ ಮಾತು ತಂಗಿಗೆ ತಲುಪಲಿಲ್ಲ, ಅಮ್ಮನದು ತಲುಪಿತು. ಅದಕ್ಕೇ ಈ ಪದವನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ಮೊದಲು ವಸ್ತು ಏನು ಅಂತ ನೋಡೋಣ. ಹುಟ್ಟಿದಾಗ ಮಗುವಿನ ಬುರುಡೆಯ ಎಲುಬುಗಳು ಒಂದಕ್ಕೊಂದು ಬೆಸೆದಿರುವುದಿಲ್ಲ. ಅವು ಸೇರುವ ಮೂಲೆಗಳಲ್ಲಿ ಎಲುಬಿಲ್ಲದ ಮೆತ್ತನೆ ಜಾಗ ಉಳಿದಿರುತ್ತದೆ. ಇಂಥವು ಒಟ್ಟು 6. ನಮ್ಮ ಕೈಗೆ ಸಿಗುವುದು ಸಾಮಾನ್ಯವಾಗಿ ಎರಡು. ಮುಂದಿನದು ದೊಡ್ಡದು, ಡೈಮಂಡ್ ಆಕಾರದ್ದು. ಎರಡು ಹಣೆ ಎಲುಬು, ಎರಡು ಪಕ್ಕದ ಎಲುಬು ಸೇರುವ ಕಡೆ ಇರುತ್ತದೆ. ಸಾಮಾನ್ಯವಾಗಿ 12ರಿಂದ 18 ತಿಂಗಳ ಹೊತ್ತಿಗೆ ಮುಚ್ಚುತ್ತದೆ. ಕೆಲವು ಮಕ್ಕಳಲ್ಲಿ ಸ್ವಲ್ಪ ಮೊದಲೇ, ಕೆಲವರಲ್ಲಿ 2 ವರ್ಷದ ತನಕವೂ ಹೋಗುತ್ತದೆ. ಹಿಂದಿನದು ಸಣ್ಣದು, ಮೂರು ಮೂಲೆಯದು. ಎರಡು ಮೂರು ತಿಂಗಳಲ್ಲೇ ಮುಚ್ಚಿಬಿಡುತ್ತದೆ. ಇನ್ನು ನಾಲ್ಕು ತಲೆಯ ಪಕ್ಕಗಳಲ್ಲಿವೆ.

ಇದಕ್ಕೆ ಹಾಸನ ಕಡೆಯ ನಮ್ಮ ಮನೆಯಲ್ಲಿ ಬೇರೆ ಹೆಸರೇ ಇಲ್ಲ, ನೆತ್ತಿ ಅಷ್ಟೇ. "ನೆತ್ತಿ ಇನ್ನೂ ಕೂಡಿಲ್ಲ, ಹುಷಾರಾಗಿ ಎತ್ತಿಕೋ." "ನೆತ್ತಿ ಹೇಗೆ ಮಿಡೀತಿದೆ ನೋಡು." ಆದರೆ ನೆತ್ತಿ ನನಗೂ ಇದೆ, ನನ್ನ ಅಜ್ಜನಿಗೂ ಇತ್ತು. ಹಾಗಾದರೆ ನೆತ್ತಿ ಅನ್ನುವುದು ಜಾಗದ ಹೆಸರೋ, ಸಂದಿನ ಹೆಸರೋ?

ಇದಕ್ಕೆ ಉತ್ತರ ಕಿವಿಯಲ್ಲಿದೆ ಅನ್ನಿಸುತ್ತದೆ. ಓಲೆ ಹಾಕದೆ ಬಹಳ ದಿನ ಬಿಟ್ಟರೆ "ಕಿವಿ ಕೂಡಿಕೊಂಡಿದೆ" ಅನ್ನುತ್ತೇವೆ. ಕೂಡಿಕೊಂಡಿದ್ದು ಕಿವಿಯಲ್ಲ, ಚುಚ್ಚಿಸಿದ ತೂತು. ಯಾರಿಗೂ ಗೊಂದಲವಾಗುವುದಿಲ್ಲ, ಅಲ್ವಾ? ನೆತ್ತಿಯದೂ ಇದೇ ದಾರಿ. ಜಾಗದ ಹೆಸರು ಹೇಳುತ್ತೇವೆ, ಏನಾಯಿತು ಅನ್ನುವುದನ್ನು ಕ್ರಿಯಾಪದಕ್ಕೆ ಬಿಡುತ್ತೇವೆ. ನೆತ್ತಿ ಕೂಡಿತು, ನೆತ್ತಿ ಮಿಡಿಯಿತು, ನೆತ್ತಿ ಉಬ್ಬಿತು, ನೆತ್ತಿ ಗುಳಿ ಬಿತ್ತು. ಈ ನಾಲ್ಕರಲ್ಲಿ ಡಾಕ್ಟರು ತಾಯಿಯಿಂದ ತಿಳಿಯಬೇಕಾದ್ದೆಲ್ಲ ಬಂತು. ಗುಳಿ ಬಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿರಬಹುದು. ಮಗು ಸುಮ್ಮನಿದ್ದಾಗಲೂ ಉಬ್ಬಿ ಬಿಗಿಯಾಗಿದ್ದರೆ, ಅದರಲ್ಲೂ ಜ್ವರ ವಾಂತಿ ಜೊತೆಗಿದ್ದರೆ, ತಡ ಮಾಡುವ ಹಾಗೇ ಇಲ್ಲ. ಅಳುವಾಗ ಸ್ವಲ್ಪ ಉಬ್ಬಿ, ಅಳು ನಿಂತ ಮೇಲೆ ಇಳಿದರೆ ಭಯವಿಲ್ಲ. ಎದೆಬಡಿತದ ಜೊತೆ ಮಿಡಿಯುವುದೂ ಸಹಜವೇ.

ನೆತ್ತಿ ಪದಕ್ಕೆ ಬಂಧುಬಳಗ ಜಾಸ್ತಿ. ತೆಲುಗಿನಲ್ಲೂ ನೆತ್ತಿ ಅಂದರೆ ತಲೆ, ನಡುತಲೆ. ತಮಿಳಿಗೆ ಬಂದರೆ ಅದೇ ಪದ ಕೆಳಗೆ ಇಳಿದಿದೆ. ಅಲ್ಲಿ ನೆಟ್ರಿ ಅಂದರೆ ಹಣೆ. ನಮ್ಮ ಸುತ್ತು ಅವರಲ್ಲಿ ಸುಟ್ರು, ನಮ್ಮ ಹುತ್ತ ಅವರಲ್ಲಿ ಪುಟ್ರು, ಹಾಗೇ ನಮ್ಮ ನೆತ್ತಿ ಅವರಲ್ಲಿ ನೆಟ್ರಿ. ಕನ್ನಡ ಹಣೆಗೆ ಹಣೆಯನ್ನೇ ಇಟ್ಟುಕೊಂಡು ನೆತ್ತಿಯನ್ನು ಮೇಲೆಯೇ ಉಳಿಸಿಕೊಂಡಿತು. ನಡುತಲೆಗೆ ಅವರದು ಉಚ್ಚಿ. ಮರಾಠಿಯಲ್ಲಿ ಟಾಳೂ ಅಂತಾರೆ. ಬಾಯೊಳಗಿನ ಅಂಗುಳಕ್ಕೂ ಮಗುವಿನ ನೆತ್ತಿಗೂ ಅಲ್ಲಿ ಅದೊಂದೇ ಪದ.

ಇನ್ನು ಸುಳಿ. ಕೆಲವರು ಇದೇ ಜಾಗಕ್ಕೆ ಸುಳಿ, ನೆತ್ತಿಸುಳಿ ಅನ್ನುವುದನ್ನು ಕೇಳಿದ್ದೇನೆ. ಬಹಳ ಚೆಂದದ ಪದ. ನೀರು ತಿರುಗುವ ಕಡೆ ಸುಳಿ, ಕೂದಲು ತಿರುಗುವ ಕಡೆ ಸುಳಿ, ಬಾಳೆ ತೆಂಗುಗಳ ತುದಿಯಲ್ಲಿ ಹೊಸ ಎಲೆ ಸುತ್ತಿಕೊಂಡು ಬರುವ ಎಳೆಯ ಭಾಗವೂ ಸುಳಿ. ತೆಂಗಿನ ಸುಳಿ ಕೊಳೆತರೆ ಮರವೇ ಹೋದ ಹಾಗೆ. ಮಗುವಿನ ತಲೆಯ ಮೆತ್ತನೆ ಜಾಗಕ್ಕೆ ಇದಕ್ಕಿಂತ ಹತ್ತಿರದ ಹೋಲಿಕೆ ಇನ್ನೇನಿದೆ? ಡಾಕ್ಟರುಗಳು ಈ ಜಾಗಕ್ಕೆ ಬಳಸುವ ಫ್ರೆಂಚ್ ಪದ ಫಾಂಟನೆಲ್ ಕೂಡ ಮೂಲದಲ್ಲಿ ಪುಟ್ಟ ಚಿಲುಮೆ ಅಂತಲೇ. ಅಲ್ಲೂ ನೀರು, ಇಲ್ಲೂ ನೀರು.

ಆದರೂ ಸುಳಿಯನ್ನು ಇದಕ್ಕೆ ಬಳಸುವುದು ಬೇಡ ಅನ್ನುತ್ತೇನೆ. ಕೂದಲ ಸುಳಿ ಇರುವುದು ಹೆಚ್ಚಾಗಿ ತಲೆಯ ಹಿಂಭಾಗಕ್ಕೆ. ತಾಯಿ ಮುಟ್ಟಿ ನೋಡಬೇಕಾದ ಮೆತ್ತನೆ ಜಾಗ ಮುಂದೆ, ಹಣೆಯ ನೇರಕ್ಕೆ ಮೇಲೆ. "ಸುಳಿ ನೋಡಿ" ಅಂದರೆ ಕೈ ತಪ್ಪು ಜಾಗಕ್ಕೆ ಹೋಗುತ್ತದೆ. ಜೊತೆಗೆ ಸುಳಿ ಅಂದ ಕೂಡಲೇ ನಮ್ಮಲ್ಲಿ ಎರಡು ಸುಳಿ, ಎರಡು ಮದುವೆ ಅನ್ನುವ ಮಾತು ಬಂದುಬಿಡುತ್ತದೆ. ತಲೆಯ ಮೇಲಿನ ಜಾಗವನ್ನು ಕೂದಲ ಸುಳಿಯಿಂದ ಗುರುತಿಸುವುದು ಇವತ್ತಿನದಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಮರ್ಮಗಳನ್ನು, ಅಂದರೆ ಪೆಟ್ಟು ಬಿದ್ದರೆ ಅಪಾಯವಾಗುವ ಜಾಗಗಳನ್ನು ಹೇಳುವಾಗ ತಲೆಯ ಮೇಲಿನ ಅಧಿಪತಿ ಮರ್ಮದ ಗುರುತಾಗಿ ರೋಮಾವರ್ತವನ್ನೇ, ಅಂದರೆ ಕೂದಲ ಸುಳಿಯನ್ನೇ ಕೊಟ್ಟಿದ್ದಾರೆ. ಬುರುಡೆಯ ಐದು ಹೊಲಿಗೆಗಳಿಗೆ, ಅಂದರೆ ಎಲುಬುಗಳು ಸೇರುವ ಗೆರೆಗಳಿಗೆ, ಅದೇ ಗ್ರಂಥದ ಹೆಸರು ಸೀಮಂತ. ಬಸುರಿಗೆ ಮಾಡುವ ಸೀಮಂತವೂ ಬೈತಲೆ ತೆಗೆಯುವ ಶಾಸ್ತ್ರವೇ ತಾನೆ. ತಲೆಯ ಮೇಲಿನ ಗೆರೆಗೆ ಅದು ಹಳೆಯ ಹೆಸರು.

ಬ್ರಹ್ಮರಂಧ್ರ ದೊಡ್ಡ ಪದ, ಅದಕ್ಕೆ ತನ್ನದೇ ಜಾಗವಿದೆ. ಐತರೇಯ ಉಪನಿಷತ್ತಿನಲ್ಲಿ ಆತ್ಮ ತಲೆಯ ಸೀಮೆಯನ್ನು ಸೀಳಿ ಒಳಗೆ ಬಂತು, ಆ ಬಾಗಿಲ ಹೆಸರು ವಿದೃತಿ ಅಂತ ಬರುತ್ತದೆ. ಯೋಗದ ಪುಸ್ತಕಗಳಲ್ಲಿ ಪ್ರಾಣ ಹೊರಡುವ ದಾರಿ ಬ್ರಹ್ಮರಂಧ್ರ. ಅಲ್ಲಿ ಆ ಪದ ಇರಲಿ. ಭೇದಿ ಹಿಡಿದ ಮಗುವಿನ ಕಾಗದದಲ್ಲಿ ಬೇಡ. ಒಂದು, ಅರ್ಥವಾಗುವುದಿಲ್ಲ. ಎರಡು, ಅರ್ಥವಾದವರಿಗೆ ಹೆದರಿಕೆಯಾಗುತ್ತದೆ. ರಂಧ್ರ ಅಂದರೆ ತೂತು. ಅಲ್ಲಿ ತೂತಿಲ್ಲ. ಮೇಲೆ ಚರ್ಮವಿದೆ, ಕೆಳಗೆ ಗಟ್ಟಿ ಪೊರೆ ಇದೆ. ತಲೆ ತೊಳೆದರೆ, ಮೆಲ್ಲಗೆ ಸವರಿದರೆ ಏನೂ ಆಗುವುದಿಲ್ಲ.

ನಮ್ಮಮ್ಮ ಮಗುವಿಗೆ ಎರೆಯುವ ಮೊದಲು ಹರಳೆಣ್ಣೆಯನ್ನು ಅಂಗೈಗೆ ಬಿಟ್ಟುಕೊಂಡು, ಎರಡು ಬೆರಳಲ್ಲಿ ಅದ್ದಿ, ನೆತ್ತಿಯ ಮೇಲೆ ಮೆಲ್ಲಗೆ ಇಡುತ್ತಾರೆ. ಒತ್ತುವುದಿಲ್ಲ. ಬೆರಳು ಅಲ್ಲೇ ಒಂದು ಗಳಿಗೆ ನಿಲ್ಲುತ್ತದೆ, ಮಿಡಿತ ಸಿಗುವ ತನಕ. ಎಣ್ಣೆ ಇಟ್ಟರೆ ನೆತ್ತಿ ಬೇಗ ಕೂಡುತ್ತದೆ ಅನ್ನುವುದು ಅವರ ನಂಬಿಕೆ. ಕೂಡುವುದು ಎಣ್ಣೆಯಿಂದಲ್ಲ, ಎಲುಬಿನ ಅಂಚು ತಾನೇ ಬೆಳೆದು. ಆದರೆ ದಿನಾ ಮುಟ್ಟಿ ನೋಡುವ ಆ ಕೈಗೆ ನೆತ್ತಿ ನಿನ್ನೆ ಹೇಗಿತ್ತು, ಇವತ್ತು ಹೇಗಿದೆ ಅಂತ ಗೊತ್ತಿರುತ್ತದೆ. ಅವತ್ತು ಗುಳಿ ಬಿದ್ದಿದ್ದು ಅವರಿಗೇ ಮೊದಲು ಗೊತ್ತಾಗಿದ್ದು ಹೀಗೆ.

ನನ್ನ ಸಲಹೆ ಇಷ್ಟು. ಮನೆಗೆ ಹೋಗುವ ಆರೋಗ್ಯದ ಬರಹಗಳಲ್ಲಿ ನೆತ್ತಿ ಅಂತಲೇ ಬರೆಯೋಣ. ಎರಡನ್ನೂ ಬೇರೆ ಮಾಡಿ ಹೇಳಬೇಕಾದಾಗ ಮುಂದಲೆ, ಹಿಂದಲೆಯ ಹಾಗೆ ಮುನ್ನೆತ್ತಿ, ಹಿನ್ನೆತ್ತಿ ಅನ್ನಬಹುದು. "ಮಗುವಿನ ನೆತ್ತಿ ಗುಳಿ ಬಿದ್ದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ." ಈ ವಾಕ್ಯದಲ್ಲಿ ಯಾರಿಗೂ ಎಡವುವಂಥದ್ದು ಇಲ್ಲ.

ಇನ್ನು ನಿಮ್ಮಿಂದ ಬೇಕಾದ್ದು. ಧಾರವಾಡ, ಕಲಬುರಗಿ, ಕರಾವಳಿ, ಕೊಡಗು ಕಡೆಯವರು ನಿಮ್ಮ ಮನೆಯ ಅಜ್ಜಿಯರನ್ನು ಕೇಳಿ ಬರೆಯಿರಿ. ನೆತ್ತಿ ಕೂಡುತ್ತದೋ, ಮುಚ್ಚುತ್ತದೋ, ಬಲಿಯುತ್ತದೋ? ಗುಳಿ ಬೀಳುವುದಕ್ಕೆ ಏನಂತೀರಿ? ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಹೆಸರು ಯಾರ ಮನೆಯಲ್ಲಾದರೂ ಇದ್ದರೆ ಅದನ್ನು ಮೊದಲು ಬರೆಯಿರಿ.