ಆಸ್ಪತ್ರೆಯ ಬೇಡಿಕೆ: ಹ್ಯಾಷ್‌ಟ್ಯಾಗ್ ಹಾಕಿದ ಮೇಲೆ ಮುಂದೇನು?

ಪ್ರಶ್ನೆ (ಕುಮಟಾ):
ಉತ್ತರ ಕನ್ನಡ ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಟ್ವಿಟರ್‌ನಲ್ಲಿ ನಡೆದ ಅಭಿಯಾನ ಎಲ್ಲರಿಗೂ ನೆನಪಿರಬಹುದು. ಈಗ ನಮ್ಮ ಬಳಗದವರು ದಿನಕ್ಕೆ ಹತ್ತು ಪೋಸ್ಟ್ ಹಾಕಿದರೂ ಪತ್ರಿಕೆಯವರಾಗಲಿ, ಜನಪ್ರತಿನಿಧಿಗಳಾಗಲಿ ಗಮನಿಸುತ್ತಿಲ್ಲ. ನಾವು ಎಡವುತ್ತಿರುವುದು ಎಲ್ಲಿ?

ಉತ್ತರ (ಶಿರಸಿ):
ಹತ್ತು ಪೋಸ್ಟ್ ಹಾಕುವುದರಲ್ಲೇ ಎಡವಿದ್ದೀರಿ ಎಂದು ನನ್ನ ಅನಿಸಿಕೆ. ‘ನ್ಯಾಯ ಬೇಕು’ ಎಂದು ಬರೆಯುವುದಕ್ಕಿಂತ, ಹೊನ್ನಾವರದಲ್ಲಿ ಆಂಬುಲೆನ್ಸ್ ಹತ್ತಿಸಿದ ರೋಗಿ ಮಣಿಪಾಲ ತಲುಪಿದ್ದು ಎಷ್ಟು ಹೊತ್ತಿಗೆ ಎಂಬುದನ್ನು, ಮನೆಯವರ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ, ನಿಮಿಷಗಳ ಲೆಕ್ಕದಲ್ಲಿ ಬರೆದರೆ ವರದಿಗಾರರಿಗೆ ಅದೇ ಸುದ್ದಿಯಾಗುತ್ತದೆ. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಹ್ಯಾಷ್‌ಟ್ಯಾಗ್ ಬಳಸಬೇಕು; ಒಂದಕ್ಷರ ತಪ್ಪಿದರೂ ಅದು ಬೇರೆಯದೇ ಆಗುತ್ತದೆ. (ನಮ್ಮಲ್ಲಿ ಒಮ್ಮೆ ಮೂರು ಬಗೆಯ ‘ಉತ್ತರಕನ್ನಡ’ ಹರಿದಾಡಿತ್ತು.)

ಉತ್ತರ (ಕಾರವಾರ):
ವರದಿಗಾರರಿಗೆ ಕಳುಹಿಸುವ ಪ್ರಕಟಣೆಯನ್ನು ಪಿಡಿಎಫ್ ಮಾಡದೆ, ನಕಲಿಸಿಕೊಳ್ಳಲು ಬರುವ ಯುನಿಕೋಡ್ ಅಕ್ಷರಗಳಲ್ಲಿ, ಅಡಿಬರಹವಿರುವ ಒಂದು ಫೋಟೊ ಸಹಿತ ಮಧ್ಯಾಹ್ನದೊಳಗೆ ವಾಟ್ಸ್ಆ್ಯಪ್ ಮಾಡಿರಿ. ರಾತ್ರಿ ಒಂಬತ್ತಕ್ಕೆ ಕಳುಹಿಸಿ ‘ಪತ್ರಿಕೆಯಲ್ಲಿ ಬರಲಿಲ್ಲ’ ಎಂದು ದೂರುವವರನ್ನು ಸಾಕಷ್ಟು ನೋಡಿದ್ದೇನೆ. ಶಾಸಕರನ್ನು ಟ್ಯಾಗ್ ಮಾಡಿದ ದಿನವೇ ಲಿಖಿತ ಮನವಿಯನ್ನೂ ಕೊಟ್ಟು, ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿಯ ಚಿತ್ರವನ್ನು ಅದೇ ಪೋಸ್ಟ್‌ನ ಕೆಳಗೆ ಹಾಕಿರಿ.

ಪ್ರಶ್ನೆ ಕೇಳಿದವರು:
ಮುದ್ರೆ ಹಾಕಿಸುವುದು ನಮಗೆ ಹೊಳೆದೇ ಇರಲಿಲ್ಲ. ಸೋಮವಾರ ಮನವಿ ಕೊಡುತ್ತೇವೆ.