ಯೆಜ್ಡಿ ರೋಡ್‌ಕಿಂಗ್: ಪಿಸ್ಟನ್ ಪಿನ್ ಜಪ್ಪಯ್ಯ ಅಂದ್ರೂ ಬರ್ತಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಅಪ್ಪನ ರೋಡ್‌ಕಿಂಗ್ ಬೈಕಿನ ಇಂಜಿನ್ ಮನೆ ಶೆಡ್‌ನಲ್ಲೇ ಬಿಚ್ಚಿದ್ದೇನೆ. ಎಂಟು ವರ್ಷ ನಿಂತೇ ಇದ್ದ ಗಾಡಿ. ಹೆಡ್ಡು, ಬ್ಲಾಕು ಸಲೀಸಾಗಿ ಬಂದವು. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿಸ್ಟನ್ ಪಿನ್ ಮಾತ್ರ ಅಲ್ಲಾಡ್ತಿಲ್ಲ. ಪಿನ್ ಜಾರದಂತೆ ತಡೆಯುವ ಲಾಕ್ ಎರಡೂ ಕಡೆ ತೆಗೆದಿದ್ದೇನೆ, ಆಯಿಲ್ ಬಿಟ್ಟು ಒಂದು ರಾತ್ರಿ ಕಾದಿದ್ದೂ ಆಯ್ತು. ಕಬ್ಬಿಣದ ಸರಳು ಇಟ್ಟು ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಬಹುದಾ?

ಉತ್ತರ:
ದಯವಿಟ್ಟು ಬೇಡ. ಈ ಇಂಜಿನ್ನಿನ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಶಾಫ್ಟ್, ಒಂದೇ ತುಂಡಲ್ಲ, ಪ್ರೆಸ್ ಮಾಡಿ ಜೋಡಿಸಿದ್ದು. ಅಡ್ಡ ಏಟು ಬಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ, ಕ್ರ್ಯಾಂಕ್ ಅಲೈನ್‌ಮೆಂಟೂ ಹೋಗಬಹುದು. ಇದನ್ನು ತಯಾರಿಸುತ್ತಿದ್ದ ಮೈಸೂರಿನ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ಒಳ್ಳೆ ಒರಿಜಿನಲ್ ರಾಡ್ ಇದ್ದರೆ ಅದನ್ನು ಕಾಪಾಡಿಕೊಳ್ಳಿ.

ಮೊದಲು ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿ. ಆಮೇಲೆ ಲಾಕ್ ಕೂರುವ ಸಣ್ಣ ಕಾಲುವೆಯನ್ನು ಉಗುರಿನಿಂದ ಸವರಿ ನೋಡಿ. ಕೂದಲೆಳೆಯಷ್ಟು ಏಣು ತಗುಲುತ್ತೆ. ಅದರ ಜೊತೆ ಗಟ್ಟಿಯಾದ ಕರಿ. ಬಹಳ ಸಲ ಪಿನ್ನನ್ನು ಹಿಡಿದಿರುವುದು ಅದೇ. ಸಣ್ಣ ಬ್ಲೇಡಿನಲ್ಲಿ ನಿಧಾನವಾಗಿ ಹೆರೆದು ತೆಗೆಯಿರಿ.

ಇನ್ನು ಪಿನ್ ಎಳೆದು ತೆಗೆಯುವ ಪುಲ್ಲರ್ ಮನೆಯಲ್ಲೇ ಆಗುತ್ತೆ. ಮುಕ್ಕಾಲು ಇಂಚಿನ ಜಿಐ ಪೈಪಿನ ಎರಡು ಇಂಚು ತುಂಡು, 8 ಎಂಎಂ ದಪ್ಪದ ಆರು ಇಂಚಿನ ಫುಲ್ ಥ್ರೆಡ್ ಬೋಲ್ಟು, ಎರಡು ನಟ್ಟು, ದಪ್ಪ ವಾಷರ್ ಎರಡು (ಒಂದು ಪೈಪಿನ ಬಾಯಿಗಿಂತ ದೊಡ್ಡದು, ಒಂದು ಚಿಕ್ಕದು). ಪಿನ್ ಪೈಪಿನೊಳಗೆ ಆರಾಮಾಗಿ ಜಾರಬೇಕು, ಅದನ್ನು ಮೊದಲೇ ಅಳೆಯಿರಿ. ಪೈಪಿನ ಒಂದು ಬಾಯಿಯನ್ನು ಅರ್ಧ ದುಂಡು ಅರದಲ್ಲಿ ಪಿಸ್ಟನ್ನಿನ ದುಂಡಿಗೆ ಸರಿಯಾಗಿ ತೀಡಿ, ಹಳೆ ಟ್ಯೂಬಿನ ರಬ್ಬರ್ ಕೊಟ್ಟು ಒತ್ತಿ ಹಿಡಿಯಿರಿ. ಬೋಲ್ಟನ್ನು ಪಿನ್ನಿನ ತೂತಿನಲ್ಲಿ ತೂರಿಸಿ, ಪೈಪಿನ ಹೊರ ಬಾಯಿಗೆ ದೊಡ್ಡ ವಾಷರ್ ಕೊಟ್ಟು ನಟ್ಟು ಹಾಕಿ. ಆಚೆ ಕಡೆ ಹಾಕುವ ವಾಷರ್ ಪಿನ್ನಿಗಿಂತ ಚಿಕ್ಕದಿರಬೇಕು, ಇಲ್ಲದಿದ್ದರೆ ಪಿಸ್ಟನ್ನಿಗೇ ಕಚ್ಚುತ್ತೆ. ನನ್ನದು ಸ್ವಲ್ಪ ದೊಡ್ಡದಿತ್ತು, ಸುತ್ತ ಅರ ಹಾಕಿ ಇಳಿಸಿದ್ದೆ.

ನಟ್ಟು ಬಿಗಿಸುವ ಮುಂಚೆ ಕುದಿಯುವ ನೀರಲ್ಲಿ ಅದ್ದಿದ ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಪಿಸ್ಟನ್ನಿಗೆ ಸುತ್ತಿ. ಎರಡು ಮೂರು ಸಲ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ, ಹಿಡಿತ ಸಡಿಲ ಆಗುತ್ತೆ. ಗ್ಯಾಸ್ ಬೆಂಕಿ ಮಾತ್ರ ಬೇಡ. ಈಗ ಸ್ಪ್ಯಾನರ್ ಹಾಕಿ, ಕಾಲು ಸುತ್ತು ಕಾಲು ಸುತ್ತಾಗಿ.

ಪ್ರಶ್ನೆ ಕೇಳಿದವರು:
ಬಂತು ಸರ್! "ಟಕ್" ಅಂತ ಒಂದು ಸದ್ದು, ಆಮೇಲೆ ಬೆಣ್ಣೆ ಹಾಗೆ ಜಾರಿತು. ಆದರೆ ಪಿನ್ನಿನ ನಡುವೆ ನೀಲಿ ಬಣ್ಣ ಬಂದಿದೆ. ತೊಳೆದು ವಾಪಸ್ ಹಾಕಬಹುದಾ?

ಉತ್ತರ:
ಹಾಕಬೇಡಿ. ಆಯಿಲ್ ಸಾಲದೆ ಬಿಸಿಯಾದ ಗುರುತು ಅದು. ಪಿನ್ನು, ಅದು ಕೂರುವ ರಾಡಿನ ಬುಷ್ಷು (ಒಳಗಿನ ಬಳೆ) ಎರಡನ್ನೂ ಒಟ್ಟಿಗೆ ಬದಲಿಸಿ. ಬುಷ್ ರೀಮ್ ಮಾಡಿಸುವಾಗ, ಅಂದರೆ ತೂತನ್ನು ಪಿನ್ನಿನ ಅಳತೆಗೆ ಕೊರೆಸುವಾಗ, ಹೊಸ ಪಿನ್ ಲೇತ್‌ನವರ ಕೈಗೇ ಕೊಡಿ. ಆಯಿಲ್ ಸವರಿದ ಪಿನ್ ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಹಳೆ ಲಾಕ್ ಮತ್ತೆ ಹಾಕಬೇಡಿ, ಹೊಸದೇ ಹಾಕಿ. ಶುರುವಿಗೆ ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿ. ಗಾಡಿ ಸ್ಟಾರ್ಟ್ ಆದ ದಿನ ಅಪ್ಪನ ಕೈಲೇ ಕಿಕ್ ಹೊಡೆಸಿ.